ಒಂದು ಗುಲ್ಮ, ಎರಡು ಜ್ವರ

ವಸಾಹತು ಕಾಲದ ಜ್ವರ ಚರಿತ್ರೆಯಲ್ಲಿ ಮಗುವಿನ ಹೊಟ್ಟೆಯೂ ಒಂದು ದಾಖಲೆ. ವೈದ್ಯರು ಮಕ್ಕಳ ಎಡಪಕ್ಕೆಯ ಕೆಳಗೆ ಕೈಯಿಟ್ಟು, ಊದಿದ ಗುಲ್ಮಗಳನ್ನು ಎಣಿಸಿ, ಊರಿನ ಮಲೇರಿಯಾ ಪ್ರಮಾಣವನ್ನು ಅಂದಾಜಿಸುತ್ತಿದ್ದರು. ಆದರೆ ಗುಲ್ಮವನ್ನು ಊದಿಸುವ ರೋಗ ಮಲೇರಿಯಾ ಒಂದೇ ಅಲ್ಲ.

ಅಸ್ಸಾಮಿನಲ್ಲಿ ಹಬ್ಬಿದ್ದ ಕಾಲಾ ಅಜಾರ್ ಜ್ವರವನ್ನು ಲಿಯೊನಾರ್ಡ್ ರಾಜರ್ಸ್ 1897ರ ವರದಿಯಲ್ಲಿ ಮಲೇರಿಯಾದ ಉಗ್ರರೂಪವೆಂದೇ ಪರಿಗಣಿಸಿದರು. ಅದೇ ವರ್ಷ ನೀಲಗಿರಿಯ ಸಿಗೂರು ಘಾಟಿಯಲ್ಲಿ ಸ್ವತಃ ಮಲೇರಿಯಾಕ್ಕೆ ತುತ್ತಾಗಿ, ಬಳಿಕ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಅದರ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್ ಕೂಡ 1899ರಲ್ಲಿ ಈ ನಿಲುವನ್ನು ಬಿಡಲಿಲ್ಲ. ಕೆಲವು ರೋಗಿಗಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ನಿಜವಾಗಿಯೂ ಇದ್ದುದು ಈ ತಪ್ಪಿಗೆ ಇಂಬಾಯಿತು. ಕಂಡ ಸೋಂಕು ಕಾಣದ ಸೋಂಕನ್ನು ಮರೆಮಾಡಿತ್ತು.

1903ರಲ್ಲಿ ವಿಲಿಯಂ ಲೀಶ್ಮನ್ ಹಾಗೂ ಮದರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ ಪ್ರತ್ಯೇಕವಾಗಿ ಹೊಸ ಪರಾವಲಂಬಿಯೊಂದನ್ನು ವರದಿ ಮಾಡಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ನಾಮಕರಣ ಮಾಡಿದವರು ರಾಸ್ ಅವರೇ. 1908ರಲ್ಲಿ ಚಾರ್ಲ್ಸ್ ನಿಕೋಲ್ ಟ್ಯುನಿಸ್‌ನಲ್ಲಿ ಎಳೆಯ ಮಕ್ಕಳ ಕಾಲಾ ಅಜಾರನ್ನು ವಿವರಿಸಿದರು. ಅದು ಮರಳುನೊಣದ ಕಡಿತದಿಂದ ಮನುಷ್ಯರಿಗೆ ಹರಡುವುದೆಂದು 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಪ್ರಯೋಗದಿಂದ ಸಿದ್ಧಪಡಿಸಿದರು.

ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಕಾಲಾ ಅಜಾರ್‌ಗೆ ಕ್ವಿನೈನ್ ನಿಷ್ಫಲ. ಆಂಟಿಮನಿ ಔಷಧಿಗಳು ಬರುವವರೆಗೆ ಅದು ಬಹುಪಾಲು ಮಾರಕವಾಗಿತ್ತು. ಎರಡೂ ಸೋಂಕುಗಳಿದ್ದ ಮಗುವಿಗೆ ಕ್ವಿನೈನ್ ಕೊಟ್ಟರೆ ಒಂದು ಜ್ವರ ಇಳಿದು ಇನ್ನೊಂದು ಉಳಿಯುತ್ತಿತ್ತು. ಆದ್ದರಿಂದ 1903ಕ್ಕೆ ಹಿಂದಿನ ಅಸ್ಸಾಮಿನ ದಾಖಲೆಗಳಲ್ಲಿ ‘ಮಲೇರಿಯಾ’ ಎಂಬುದನ್ನು ರೋಗನಿರ್ಣಯವೆಂದಲ್ಲ, ಆ ಕಾಲದ ಊಹೆಯೆಂದು ಓದುವುದು ಯುಕ್ತ.