ಎರಡು ನಮೂದುಗಳ ನಡುವಿನ ಒಂದು ದಿನ

1952ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5, ಅಮೆರಿಕದವರ ಕೋರಿಕೆಯ ಮೇರೆಗೆ ಚಾರ್ಲಿ ಚಾಪ್ಲಿನ್ ಹುಟ್ಟಿದ್ದೆಲ್ಲಿ ಎಂದು ಹುಡುಕಿತು. ಚಾಪ್ಲಿನ್ ಹೇಳಿಕೊಳ್ಳುತ್ತಿದ್ದ ಹುಟ್ಟುದಿನ 1889ರ ಏಪ್ರಿಲ್ 16, ಊರು ಲಂಡನ್. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದು 1837ರಲ್ಲೇ. ಆದರೂ ಜಗತ್ತೇ ಬಲ್ಲ ಆ ಮನುಷ್ಯನ ಜನನ ದಾಖಲೆ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಆದರೆ ಅದೇ ಹುಡುಗ ಏಳು ವರ್ಷದವನಿದ್ದಾಗ, 1896ರಲ್ಲಿ, ತಾಯಿ ಹ್ಯಾನಾ ಮತ್ತು ಅಣ್ಣ ಸಿಡ್ನಿಯ ಜೊತೆ ಲ್ಯಾಂಬೆತ್ ವರ್ಕ್‌ಹೌಸಿಗೆ ಸೇರಿದ್ದು ದಾಖಲೆಯಲ್ಲಿದೆ. ಹುಟ್ಟಿದ್ದಕ್ಕೆ ಕಾಗದವಿಲ್ಲ, ಹಸಿದು ಬಾಗಿಲಿಗೆ ಬಂದದ್ದಕ್ಕೆ ಇದೆ.

ನನ್ನ ಪಿಎಚ್.ಡಿ. ಅಧ್ಯಯನ ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ಬ್ರಿಟಿಷ್ ಸೈನಿಕರ ಕುಟುಂಬಗಳ ಕುರಿತದ್ದು. ಇಲ್ಲಿಗೆ ಬಂದವರು ಅಲ್ಲಿ ಯಾರಾಗಿದ್ದರು ಎಂದು ತಿಳಿಯಲು ಇಂಗ್ಲೆಂಡಿನ ಬಡವರ ದಾಖಲೆಗಳನ್ನು ಓದುವುದನ್ನು ಕಲಿಯಬೇಕಾಯಿತು. ಮುಖ್ಯವಾಗಿ ಮೂರು ಬಗೆಯವು: ಪ್ಯಾರಿಷ್ ಚರ್ಚಿನ ಪುಸ್ತಕಗಳು, ಸೈನ್ಯದ ಕಾಗದಗಳು, ವರ್ಕ್‌ಹೌಸಿನ ರಿಜಿಸ್ಟರುಗಳು. ಓದುತ್ತಾ ಹೋದಂತೆ ಒಂದು ಮಾತು ಮನವರಿಕೆಯಾಯಿತು. ಬಡವನೊಬ್ಬ ಕಾಗದದ ಮೇಲೆ ಮೈತುಂಬ ಕಾಣಿಸಿಕೊಳ್ಳುವುದು ಅವನು ಯಾರಿಗಾದರೂ ಖರ್ಚಾಗಿ ಪರಿಣಮಿಸಿದಾಗ.

ಪ್ಯಾರಿಷ್ ಎಂದರೆ ಒಂದು ಚರ್ಚಿನ ಸರಹದ್ದಿಗೆ ಬರುವ ಊರು, ಕೇರಿ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ, ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದ. ಇದು ಹೊಸ ತೆರಿಗೆಗೆ ಪೀಠಿಕೆ ಇರಬೇಕೆಂದು ಕೆಲವೆಡೆ ಜನ ಅನುಮಾನಿಸಿದರು. ಆರಂಭದ ನಮೂದುಗಳು ಬಹಳ ಚಿಕ್ಕವು. ಎಷ್ಟೋ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಷ್ಟೇ. 1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರು ಸಹಿ ಹಾಕಬೇಕಾಯಿತು; ಬರೆಯಲು ಬಾರದವರು ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಎಳೆದರು. ನಮ್ಮ ಹಿರಿಯರ ಹೆಬ್ಬೆಟ್ಟಿನ ಹಾಗೆ. 1813ರಿಂದ ದೀಕ್ಷಾಸ್ನಾನದ ಅಚ್ಚಿನ ನಮೂನೆಯಲ್ಲಿ ತಂದೆಯ ಕಸುಬಿಗೂ ಒಂದು ಅಂಕಣ ಬಂತು.

ಆ ಚರ್ಚಿನ ಪೆಟ್ಟಿಗೆಯಲ್ಲೇ ಇನ್ನೊಂದು ಬಗೆಯ ಕಾಗದಗಳೂ ಇರುತ್ತಿದ್ದವು. 1662ರ ಕಾಯ್ದೆಯ ಪ್ರಕಾರ ಬಡವನೊಬ್ಬನನ್ನು ಸಾಕುವ ಹೊಣೆ ಅವನು 'ಸೇರಿದ' ಪ್ಯಾರಿಷ್ಷಿನದು. ಹಾಗಾದರೆ ಅವನು ಯಾವ ಪ್ಯಾರಿಷ್ಷಿಗೆ ಸೇರಿದವನು? ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಕೇಳುತ್ತಿದ್ದರು: ಹುಟ್ಟಿದ್ದೆಲ್ಲಿ, ಯಾರ ಹತ್ತಿರ ಒಂದು ವರ್ಷ ಪೂರ್ತಿ ಆಳಾಗಿದ್ದೆ, ಕೂಲಿ ಎಷ್ಟು, ಮದುವೆ ಎಲ್ಲಾಯಿತು. ಗುಮಾಸ್ತ ಬರೆದುಕೊಳ್ಳುತ್ತಿದ್ದ. ಉದ್ದೇಶ ಅವನನ್ನು ಗಡಿ ದಾಟಿಸಿ ಖರ್ಚು ಉಳಿಸುವುದು. ಆದರೆ ಅಕ್ಷರ ಬಾರದ ಕೂಲಿಯೊಬ್ಬನ ಆತ್ಮಕಥೆಗೆ ಅತ್ಯಂತ ಹತ್ತಿರದ ಬರಹ ಅಂದರೆ ಈ ವಿಚಾರಣೆಯ ಹಾಳೆಯೇ.

ಸೈನ್ಯದ ಕಾಗದಗಳ ಕಥೆಯೂ ಇದೇ. ನಿವೃತ್ತಿ ವೇತನಕ್ಕೆ ಅರ್ಹನಾದ ಸೈನಿಕನ ಬಿಡುಗಡೆ ಪತ್ರದಲ್ಲಿ ಅವನ ಹುಟ್ಟೂರು, ಸೇರುವ ಮುಂಚಿನ ಕಸುಬು, ಎತ್ತರ, ಕಣ್ಣು ಮತ್ತು ಕೂದಲಿನ ಬಣ್ಣ, ಗಾಯ, ಕಾಯಿಲೆ ಎಲ್ಲ ಇರುತ್ತವೆ. ಬೇರೊಬ್ಬ ಅವನ ಹೆಸರು ಹೇಳಿ ಹಣ ಪಡೆಯಬಾರದು ಎಂದು ಅಷ್ಟು ವಿವರ. ಇನ್ನೂರು ವರ್ಷದ ಮೇಲೆ ನಮಗೆ ಅದೇ ಅವನ ಭಾವಚಿತ್ರ. ಅದರಲ್ಲಿರುವ ಹುಟ್ಟೂರಿನ ಹೆಸರು ಹಿಡಿದು ಹೋದರೆ ಪ್ಯಾರಿಷ್ ಪುಸ್ತಕದ ಬಾಗಿಲು ತೆರೆಯುತ್ತದೆ. ಒಂದು ಕಾಗದ ಇನ್ನೊಂದರ ವಿಳಾಸ ಹೇಳುವುದು ಹೀಗೆ.

ಈ ಸರಪಳಿ ಎಲ್ಲಿ ಬೇಕಾದರೂ ತುಂಡಾಗಬಹುದು. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟಾಗ, ಐರ್ಲೆಂಡಿನ ಹಳೆಯ ಜನಗಣತಿಯ ಬಹುಪಾಲು ಮತ್ತು ಅಲ್ಲಿನ ಪ್ರಾಟೆಸ್ಟಂಟ್ ಚರ್ಚಿನ ಎಷ್ಟೋ ಪ್ಯಾರಿಷ್ ಪುಸ್ತಕಗಳು ಬೂದಿಯಾದವು. 1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಮೊದಲ ಮಹಾಯುದ್ಧದ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಹೋದವು. ಉಳಿದ ಹಾಳೆಗಳ ಅಂಚು ಇಂದಿಗೂ ಕರಕಲು.

ಇನ್ನು ವರ್ಕ್‌ಹೌಸು. 1834ರ ಕಾನೂನಿನ ನಂತರ ಇಂಗ್ಲೆಂಡಿನ ಬಡವರಿಗೆ ಅದೇ ಕಡೆಯ ಆಸರೆ. ಅದು ಗಂಜಿಕೇಂದ್ರವೂ ಅಲ್ಲ, ಜೈಲೂ ಅಲ್ಲ. ಎರಡರ ಲಕ್ಷಣವೂ ಇತ್ತು. ಒಳಗೆ ಕಾಲಿಟ್ಟೊಡನೆ ಗಂಡ, ಹೆಂಡತಿ, ಮಕ್ಕಳು ಬೇರೆಬೇರೆ. ಮೈಮೇಲಿನ ಬಟ್ಟೆ ತೆಗೆಸಿ, ಹೊಗೆ ಹಾಕಿ ಶುದ್ಧಮಾಡಿ ಕಟ್ಟಿಡುತ್ತಿದ್ದರು. ಸಂಸ್ಥೆಯ ಸಮವಸ್ತ್ರ ಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಬಂದ ತಾರೀಖು, ಹೋದ ತಾರೀಖು.

ಚಾಪ್ಲಿನ್ ಕುಟುಂಬ 1898ರಲ್ಲಿ ಮತ್ತೆ ಅಲ್ಲಿಗೆ ಬಂತು. ಆ ವರ್ಷದ ಆಗಸ್ಟಿನ ದಾಖಲೆಗಳಲ್ಲಿ ಒಂದು ವಿಚಿತ್ರವಿದೆ: ತಾಯಿ, ಮಕ್ಕಳು ಬಿಡುಗಡೆ ಪಡೆದು ಹೊರಟಿದ್ದಾರೆ, ಅದೇ ದಿನ ವಾಪಸು ಬಂದು ಸೇರಿದ್ದಾರೆ. ದಾಖಲೆ ಮಾತ್ರ ನೋಡುವ ಸಂಶೋಧಕ ಏನೆಂದುಕೊಳ್ಳಬಹುದು? ಹೊರಗೆ ಆಸರೆ ಸಿಗಲಿಲ್ಲವೇನೋ, ತಾಯಿಯ ಚಿತ್ತ ಚಂಚಲವೇನೋ. ನಾನಾಗಿದ್ದರೂ ಅಡಿಟಿಪ್ಪಣಿಯಲ್ಲಿ ಹಾಗೇ ಬರೆಯುತ್ತಿದ್ದೆ.

ನಡೆದದ್ದೇನು ಎಂದು 1964ರ ತನ್ನ ಆತ್ಮಕಥೆಯಲ್ಲಿ ಚಾಪ್ಲಿನ್ ಹೇಳುತ್ತಾನೆ. ಮಕ್ಕಳನ್ನು ನೋಡದೆ ಇರಲಾರದೆ ಹ್ಯಾನಾ ಬಿಡುಗಡೆ ಕೇಳಿದಳು. ಮೂವರೂ ತಮ್ಮ ಮುದುರಿದ ಸ್ವಂತ ಬಟ್ಟೆ ತೊಟ್ಟು ಕೆನಿಂಗ್‌ಟನ್ ಪಾರ್ಕಿಗೆ ಹೋದರು. ಸಿಡ್ನಿಯ ಹತ್ತಿರ ಕರವಸ್ತ್ರದಲ್ಲಿ ಕಟ್ಟಿಟ್ಟ ಒಂಬತ್ತು ಪೆನ್ನಿ ಇತ್ತು. ಚೆರ್ರಿ ಹಣ್ಣು ತಿಂದರು, ಚಹಾ ಕುಡಿದರು, ಪತ್ರಿಕೆಯ ಹಾಳೆ ಉಂಡೆಮಾಡಿ ದಾರ ಸುತ್ತಿ ಚೆಂಡಾಟ ಆಡಿದರು. ಆಮೇಲೆ ತಾಯಿ, ಹೊತ್ತಾಯಿತು, ಹೋದರೆ ಸಂಜೆಯ ಚಹಾ ಸಿಗುತ್ತದೆ ಎಂದಳು. ಎಲ್ಲರೂ ವಾಪಸು ನಡೆದರು. ಬಟ್ಟೆಗಳಿಗೆ ಮತ್ತೆ ಹೊಗೆ ಹಾಕಬೇಕಲ್ಲ ಎಂದು ಅಧಿಕಾರಿಗಳಿಗೆ ಸಿಟ್ಟು.

ದಾಖಲೆ ಸುಳ್ಳು ಹೇಳಿಲ್ಲ. ಹೋದರು, ಬಂದರು, ಎರಡೂ ನಿಜ. ಆದರೆ ಅಲ್ಲಿದ್ದ ಸಾವಿರಾರು ಮಂದಿಯಲ್ಲಿ ಆತ್ಮಕಥೆ ಬರೆಯುವಷ್ಟು ದೊಡ್ಡವನಾದವನು ಒಬ್ಬ. ಉಳಿದವರ ಎರಡು ನಮೂದುಗಳ ನಡುವೆ ಯಾವ ಪಾರ್ಕಿತ್ತೋ.

ನಮ್ಮಲ್ಲಿ ಹೆಳವರು ಎತ್ತು ಹೊಡೆದುಕೊಂಡು ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುವಾಗ ಕೊಂಡಾಟ ಇರುತ್ತದೆ, ಲೋಪ ಇರುವುದಿಲ್ಲ. ಗುಮಾಸ್ತನ ಪುಸ್ತಕದಲ್ಲಿ ಕೊಂಡಾಟ ಇಲ್ಲ. ಎರಡನ್ನೂ ಪೂರ್ತಿ ನಂಬಬಾರದು ಎಂಬುದನ್ನು ನಾನು ಕಲಿತದ್ದು ತಡವಾಗಿ.

ಈಗ ನನ್ನ ಮೇಜಿನ ಮೇಲಿರುವುದು ಬೆಂಗಳೂರಿನ ದಂಡಿನ ಚರ್ಚುಗಳ ದೀಕ್ಷಾಸ್ನಾನದ ಪಟ್ಟಿಗಳು. ಇವುಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು; ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗುವಿನ ತಂದೆ ಸೈನಿಕನಾಗಿದ್ದರೆ, ಅದೃಷ್ಟವಿದ್ದರೆ, ಸೈನ್ಯದ ಕಾಗದದ ಜಾಡು ಹಿಡಿದು ಅವನ ಹಳ್ಳಿಯ ಚರ್ಚಿನವರೆಗೂ ಹೋಗಬಹುದು. ತಾಯಿ ಈ ನೆಲದವಳಾದರೆ ಎಷ್ಟೋ ಕಡೆ ಇರುವುದು ಚರ್ಚು ಕೊಟ್ಟ ಒಂದೇ ಒಂದು ಹೆಸರು. ಅವಳ ಊರಿಲ್ಲ, ಮನೆತನವಿಲ್ಲ, ಅಪ್ಪ ಅಮ್ಮ ಕರೆದ ಹೆಸರೂ ಇಲ್ಲ. ಅವಳು ಯಾರ ಲೆಕ್ಕದಲ್ಲೂ ಖರ್ಚಾಗಿರಲಿಲ್ಲ.

ನನ್ನ ಪ್ರಬಂಧದ ಕೋಷ್ಟಕದಲ್ಲಿ ಅಂಥವರ ಅಂಕಣಕ್ಕೆ ಮೊದಲು 'ಮಾಹಿತಿ ಇಲ್ಲ' ಎಂದು ಹಾಕಿದ್ದೆ. ಈಗ ಅದನ್ನು ತೆಗೆದು 'ಬರೆದುಕೊಂಡಿಲ್ಲ' ಎಂದು ತಿದ್ದುತ್ತಿದ್ದೇನೆ.