ಅರ್ಧಶಕ್ತಿ: ಸೊಂಟನೋವು ಮತ್ತು ವ್ಯಾಯಾಮವಿಚಾರದ ಬೆಳವಣಿಗೆ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಬೊಮ್ಮಗೊಂಡನಕೆರೆಯನ್ನು ಸುತ್ತಣ ಸೀಮೆಯ ಜನ ಬಿ.ಜಿ. ಕೆರೆಯೆಂದೇ ಕರೆಯುವರು. ದೀಪಾವಳಿಯ ಆಸುಪಾಸಿನಲ್ಲಿ ಅಲ್ಲಿನ ಕೆಂಪು ಹೊಲಗಳಲ್ಲಿ ಶೇಂಗಾ ಕೀಳುವ ಕಾಲ ಬಂದಾಗ, ಸಾಲು ಹಿಡಿದ ಹೆಂಗಸರು ಮೊಣಕಾಲನ್ನು ಹೆಚ್ಚು ಮಡಿಸದೆ ನಡುವಿನಿಂದಲೇ ಬಾಗಿ, ಗಿಡದ ಬುಡವನ್ನು ಮುಷ್ಟಿಯಲ್ಲಿ ಹಿಡಿದು, ಒಮ್ಮೆ ಅಲುಗಿಸಿ ಎಳೆದು, ಮಣ್ಣು ಕೊಡವಿ ಪಕ್ಕಕ್ಕೆ ಹಾಕಿ, ನೆಟ್ಟಗಾಗದೆಯೇ ಮುಂದಿನ ಗಿಡಕ್ಕೆ ಕೈಯಿಕ್ಕುವುದನ್ನು ನೋಡಬಹುದು. ಸಾಲು ಮುಗಿದಾಗ ಮಾತ್ರ ಎರಡು ಕೈಗಳನ್ನೂ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿ, ಉಸಿರುಬಿಟ್ಟು, ಮತ್ತೆ ಸಾಲಿಗಿಳಿಯುವರು. ಯಾರೂ ಕಲಿಸದೆ ದೇಹವು ತಾನೇ ಕಂಡುಕೊಂಡ ಆ ಹಿಂಬಾಗನ್ನು ವೈದ್ಯಶಾಸ್ತ್ರವು ಎಷ್ಟು ದೂರ ಸುತ್ತಿ ಬಂದು ಸೇರಿತೆಂಬುದೇ ಈ ಲೇಖನದ ವಿಷಯ.

ನಾನು ಮೂವತ್ತರ ಹರೆಯದಲ್ಲಿ ಶೇಂಗಾ ಚೀಲವೊಂದನ್ನು ಮೈ ತಿರುಚಿ ಎತ್ತಹೋಗಿ ಸೊಂಟ ಹಿಡಿಸಿಕೊಂಡಾಗ, ಮೊದಲು ಎದುರುಗಾಲಲ್ಲಿ ಹುಟ್ಟಿದವರೊಬ್ಬರಿಂದ ಮೆಲ್ಲಗೆ ಒದೆಸಿದರು. ಬಳಿಕ ಬಿಸಿ ಎಣ್ಣೆ ತಿಕ್ಕಿದರು. ಕಡೆಗೆ ವೈದ್ಯರೊಬ್ಬರು ಹಲಗೆಯ ಮೇಲೆ ಮೂರು ವಾರ ಅಲುಗಾಡದೆ ಮಲಗತಕ್ಕದ್ದೆಂದು ವಿಧಿಸಿದರು. ಮೂರು ವಾರ ಕಳೆದು ಎದ್ದಾಗ ನೋವು ಅಷ್ಟಿಷ್ಟು ಉಳಿದೇ ಇತ್ತು. ಕಾಲಿನ ಕಸುವು ಮಾತ್ರ ಹೋಗಿತ್ತು. ಆ ವೈದ್ಯರನ್ನು ದೂರುವುದು ನ್ಯಾಯವಲ್ಲ. ಅವರು ಹೇಳಿದುದು ಆ ಕಾಲದ ಶಾಸ್ತ್ರವನ್ನೇ.

ಆದರೆ ಅದಕ್ಕೂ ಹಿಂದಿನ ಕಾಲದ ಶಾಸ್ತ್ರ ಬೇರೆಯಾಗಿತ್ತು. ನಮ್ಮ ಆಯುರ್ವೇದಾಚಾರ್ಯರು ಕಟಿಗ್ರಹ, ಗೃಧ್ರಸೀ ಮೊದಲಾದ ಹೆಸರುಗಳಿಂದ ಸೊಂಟದ ವ್ಯಾಧಿಗಳನ್ನು ಗುರುತಿಸಿದ್ದರು. ದಿನಚರ್ಯೆಯಲ್ಲಿ ವ್ಯಾಯಾಮಕ್ಕೆ ಸ್ಥಾನ ಕೊಟ್ಟಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಅದಕ್ಕೊಂದು ಅಳತೆಯನ್ನು ವಿಧಿಸಿದ್ದರು. ಬಲಶಾಲಿಯಾದವನು ಸಹ ತನ್ನ ಶಕ್ತಿಯ ಅರ್ಧದಷ್ಟನ್ನೇ ವ್ಯಾಯಾಮದಲ್ಲಿ ವ್ಯಯಿಸಬೇಕೆಂಬುದು ವಾಗ್ಭಟನ ಮತ; ಎದೆಯಲ್ಲಿರುವ ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕೆಂಬುದು ಸುಶ್ರುತನು ಹೇಳುವ ಲಕ್ಷಣ. ಯಂತ್ರವಿಲ್ಲದೆ, ಗಡಿಯಾರವಿಲ್ಲದೆ, ಹೊಲದ ಬದುವಿನ ಮೇಲೆ ನಿಂತವನೂ ಬಳಸಬಹುದಾದ ಇಂಥ ಅಳತೆಗೋಲು ಮತ್ತೊಂದನ್ನು ನಾನು ಕಾಣೆ.

ಕನ್ನಡನಾಡಿನಲ್ಲಿ ಈ ವಿದ್ಯೆಗೆ ರಾಜಾಶ್ರಯವೂ ಇತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದಪ್ರಕರಣದಲ್ಲಿ ಭಾರವೆತ್ತುವ, ನಡೆಯುವ, ಈಜುವ, ಕಂಬದ ಮೇಲಾಡುವ ಶ್ರಮಗಳನ್ನು ಬೇರೆಬೇರೆಯಾಗಿ ಹೆಸರಿಸಿರುವುದು ಗಮನಾರ್ಹ. ದೇಹಕ್ಕೆ ಒಂದೇ ಬಗೆಯ ದುಡಿಮೆ ಸಾಲದೆಂಬ ತಿಳಿವಳಿಕೆ ಅದರ ಹಿಂದಿದೆ. ಚಿತ್ರದುರ್ಗದ ಕೋಟೆಯೊಳಗೆ ಇಂದಿಗೂ ಗರಡಿಮನೆಯನ್ನು ತೋರಿಸುವರು.

ಪಶ್ಚಿಮದಲ್ಲಿಯೂ ಆರಂಭ ಒಳ್ಳೆಯದಾಗಿತ್ತು. 1700ರಲ್ಲಿ ಇಟಲಿಯ ಮೊಡೆನಾದಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಪ್ರಕಟಿಸಿದ ರಾಮಾಝೀನಿ, ಕುಳಿತು ದುಡಿಯುವವರು ರಜೆಯ ದಿನಗಳಲ್ಲಾದರೂ ಮೈಯಾಡಿಸಬೇಕೆಂದು ಕಳಕಳಿಯಿಂದ ಬರೆದ; 1813ರಲ್ಲಿ ಲಿಂಗ್ ಎಂಬುವನು ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ಸ್ಥಾಪಿಸಿದ. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುರಿದ ಎಲುಬಿಗೆ ವಿಶ್ರಾಂತಿ ಹಿತವಾದಂತೆ ನೊಂದ ನಡುವಿಗೂ ಹಿತವಾದೀತೆಂಬ ಊಹೆ ಬಲವಾಯಿತು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು, ಕಶೇರುಗಳ ನಡುವಣ ಮೆತ್ತೆಯಂಥ ಬಿಲ್ಲೆ ಹೊರಚಾಚಿ ನರವನ್ನೊತ್ತುವುದರಿಂದ ಕಾಲಿಗಿಳಿಯುವ ನೋವು ಬರುವುದೆಂದು ತೋರಿಸಿಕೊಟ್ಟರು. ಮಹತ್ತಾದ ಶೋಧವೇ ಸರಿ. ಆದರೆ ಅದರ ನೆರಳಿನಲ್ಲಿ ಸೊಂಟನೋವೆಲ್ಲವೂ ಬಿಲ್ಲೆ ಜಾರಿದ್ದರ ಫಲವೆಂದೂ, ಬೆನ್ನು ಗಾಜಿನಂತೆ ಒಡೆಯುವ ವಸ್ತುವೆಂದೂ ಜನ ನಂಬತೊಡಗಿದರು. ಈ ಭಯವು ಮಾಡಿದ ಹಾನಿ ಬಿಲ್ಲೆ ಮಾಡಿದುದಕ್ಕಿಂತ ಹೆಚ್ಚೆಂದು ನನ್ನ ಅಭಿಪ್ರಾಯ.

ಸರಿಯಾಗಿ ಅದೇ ವರ್ಷ, 1934ರಲ್ಲಿ, ಕನ್ನಡದಲ್ಲಿ 'ಯೋಗಮಕರಂದ' ಪ್ರಕಟವಾಯಿತು. ಅದನ್ನು ಬರೆದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದುದು ನಮ್ಮ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಮೈಸೂರು ಅರಸರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದ ಅವರಿಂದಲೇ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಮೊದಲಾದವರು ಕಲಿತರು. ಬೆಂಗಳೂರಿನಲ್ಲಿ 'ಶಾಂತಲಾ' ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಯುವಕರ ಮೈಯನ್ನು ತಿದ್ದುತ್ತಿದ್ದುದೂ ಈ ತಲೆಮಾರಿನಲ್ಲಿಯೇ. ಒಂದೆಡೆ ರೋಗಿಯನ್ನು ಮಲಗಿಸುತ್ತಿದ್ದ ಆಸ್ಪತ್ರೆ, ಇನ್ನೊಂದೆಡೆ ಮೈಯನ್ನು ಬಾಗಿಸಿ ಚಾಚುತ್ತಿದ್ದ ಶಾಲೆ. ಇವೆರಡೂ ಬಹುಕಾಲ ಪರಸ್ಪರ ಮಾತನಾಡಲಿಲ್ಲವೆಂಬುದು ವಿಷಾದದ ಸಂಗತಿ.

ಮುಂದಣ ದಶಕಗಳಲ್ಲಿ ಅಂಗಸಾಧಕರ ನಡುವೆಯೇ ವಾದವೆದ್ದಿತು. ಅಮೆರಿಕದ ವಿಲಿಯಮ್ಸ್ 1937ರಲ್ಲಿ ಮುಂಬಾಗುವ ಅಭ್ಯಾಸಗಳನ್ನು ಬೋಧಿಸಿದ. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ 1956ರಲ್ಲಿ, ರೋಗಿಯೊಬ್ಬನು ತಪ್ಪಿ ಹಿಂದಕ್ಕೆ ಬಾಗಿದ ಮಂಚದ ಮೇಲೆ ಬೋರಲು ಮಲಗಿ ಗುಣಹೊಂದಿದುದನ್ನು ಕಂಡು ಹಿಂಬಾಗನ್ನು ಎತ್ತಿಹಿಡಿದ. ನಮ್ಮ ಶೇಂಗಾ ಹೊಲದ ಹೆಂಗಸರು ಅದನ್ನು ಸಾಲಿನ ಕೊನೆಗೆ ಮಾಡುತ್ತಲೇ ಇದ್ದರು. ಸ್ವೀಡನ್ನಿನ ನ್ಯಾಕೆಮ್‌ಸನ್ 1960ರ ದಶಕದಲ್ಲಿ ಬಿಲ್ಲೆಯೊಳಕ್ಕೆ ಸೂಜಿಯಿಳಿಸಿ ಒತ್ತಡವನ್ನಳೆದು, ನಿಲ್ಲುವುದಕ್ಕಿಂತ ಕೂರುವುದು ಬಿಲ್ಲೆಗೆ ಹೆಚ್ಚು ಭಾರವೆಂದ. 1999ರಲ್ಲಿ ಜರ್ಮನಿಯ ವಿಲ್ಕೆ ಒಬ್ಬ ವ್ಯಕ್ತಿಯಲ್ಲಿ ಮತ್ತೆ ಅಳೆದಾಗ, ಸಡಿಲವಾಗಿ ಕೂರುವುದು ಅಷ್ಟೇನೂ ಭಾರವಲ್ಲವೆಂದು ಕಂಡುಬಂದಿತು. ಕೂರುವ ಭಂಗಿಯೊಂದನ್ನೇ ದೂಷಿಸುವುದಕ್ಕಿಂತ, ಯಾವ ಭಂಗಿಯಲ್ಲಿಯೂ ಬಹಳ ಹೊತ್ತು ಕಲ್ಲಾಗಿರಬಾರದೆಂಬುದೇ ಇದರಿಂದ ಗ್ರಹಿಸತಕ್ಕ ವಿಚಾರ.

ಹಾಸಿಗೆಯ ವಿಧಿಯನ್ನು ಮುರಿದುದು 1986ರ ಪರೀಕ್ಷೆ. ಡೇಯೊ ಮತ್ತು ಅವರ ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ವಿಶ್ರಾಂತಿ ವಿಧಿಸಿ, ಹೆಚ್ಚು ಮಲಗಿದುದರಿಂದ ಹೆಚ್ಚು ಗುಣವಿಲ್ಲವೆಂದು ತೋರಿಸಿದರು. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರಲ್ಲಿ ನಡೆದ ಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆಹೋಯಿತು: ಮಲಗಿದವರಿಗಿಂತಲೂ, ನೋವಿನ ಮೊದಲ ದಿನಗಳಲ್ಲಿಯೇ ಬೆನ್ನಿನ ವ್ಯಾಯಾಮಕ್ಕೆ ತೊಡಗಿದವರಿಗಿಂತಲೂ, ನೋವು ತಾಳುವಷ್ಟರಮಟ್ಟಿಗೆ ನಿತ್ಯದ ಓಡಾಟವನ್ನು ನಡೆಸಿಕೊಂಡು ಹೋದವರೇ ಬೇಗ ಚೇತರಿಸಿಕೊಂಡರು.

ಇನ್ನು ನೋವು ಬಾರದಂತೆ ತಡೆಯುವ ಬಗೆ. 2016ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ 21 ಪರೀಕ್ಷೆಗಳ 30,850 ಜನರ ವಿವರಗಳನ್ನು ಒಟ್ಟುಗೂಡಿಸಿ, ವ್ಯಾಯಾಮದೊಡನೆ ತಿಳಿವಳಿಕೆಯನ್ನೂ ಕೊಟ್ಟಾಗ ಒಂದು ವರ್ಷದೊಳಗೆ ಸೊಂಟನೋವು ಬರುವ ಸಂಭವ ಶೇಕಡಾ 45ರಷ್ಟು ತಗ್ಗುವುದೆಂದೂ, ನಡುಪಟ್ಟಿ, ಪಾದರಕ್ಷೆಯ ಒಳಹಾಸುಗಳಿಂದ ಪ್ರಯೋಜನ ಕಾಣದೆಂದೂ ನಿರ್ಣಯಿಸಿತು. 2024ರಲ್ಲಿ ಆಸ್ಟ್ರೇಲಿಯದ ವಿದ್ವಾಂಸರು, ನೋವಿನಿಂದ ಆಗಷ್ಟೇ ಗುಣವಾದ 701 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕ್ರಮಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಿಗೆ ನೋವು ಮರಳಲು 208 ದಿನ ಹಿಡಿದರೆ, ಉಳಿದವರಿಗೆ 112 ದಿನಗಳಲ್ಲಿಯೇ ಮರಳಿತು. ನಮ್ಮ ನಾಡಿನಲ್ಲಿ, ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿ ವಿವೇಕಾನಂದ ಯೋಗ ಸಂಸ್ಥೆಯವರು 80 ಮಂದಿ ಹಳೆಯ ಸೊಂಟನೋವಿನವರಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ವಾರದ ಯೋಗಪರೀಕ್ಷೆಯೂ ಹಿತಕರ ಫಲವನ್ನೇ ತೋರಿತು. ಅವಧಿ ಕಿರಿದೆಂಬುದನ್ನು ಮರೆಯದೆ ಅದನ್ನು ಓದಬೇಕು.

ಇಷ್ಟನ್ನೂ ಓದಿದ ಬಳಿಕ ನನ್ನನ್ನು ಕಾಡುವ ಪ್ರಶ್ನೆ ನಮ್ಮ ಸೀಮೆಯದು. ಈ ಪರೀಕ್ಷೆಗಳಲ್ಲಿ ಬಹುಪಾಲು ನಗರವಾಸಿಗಳ ಮೇಲೆ ನಡೆದವು. ದಿನವಿಡೀ ಬಾಗಿ ದುಡಿಯುವ ಕೂಲಿಯವಳಿಗೆ 'ಮೈಗೆ ಕೆಲಸ ಕೊಡು' ಎಂದರೆ ಅವಳು ನಕ್ಕಾಳು. ದುಡಿಮೆಯೇ ವ್ಯಾಯಾಮವೆಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ನಾನು ಅದನ್ನು ಒಪ್ಪೆನು. ವ್ಯಾಯಾಮದಲ್ಲಿ ಅರ್ಧಶಕ್ತಿಗೆ ನಿಲ್ಲುವ ಸ್ವಾತಂತ್ರ್ಯವುಂಟು, ಕೂಲಿಯಲ್ಲಿ ಇಲ್ಲ. ಅವಳಿಗೆ ಬೇಕಾದುದು ಹೆಚ್ಚಿನ ಶ್ರಮವಲ್ಲ. ಬೇರೆ ಬಗೆಯ ಚಲನೆ, ನಡುನಡುವೆ ನೆಟ್ಟಗಾಗುವ ಬಿಡುವು, ಚೀಲವನ್ನು ಮೈಗೆ ಹತ್ತಿರ ಹಿಡಿದು ಮಂಡಿ ಮಡಿಸಿ ಇಬ್ಬರು ಎತ್ತುವ ಪದ್ಧತಿ. ರಾತ್ರಿಯ ನಿದ್ದೆಯಲ್ಲಿ ಬಿಲ್ಲೆ ನೀರು ಹೀರಿ ಉಬ್ಬಿರುವುದರಿಂದ ಎದ್ದಕೂಡಲೆ ಬಾಗುವುದನ್ನು ತಪ್ಪಿಸಿದವರಿಗೆ ನೋವು ತಗ್ಗಿತೆಂದು ಅಮೆರಿಕದ ಸ್ನೂಕ್ 1998ರಲ್ಲಿ ತೋರಿಸಿದ. ನಸುಕಿಗೇ ಹೊಲಕ್ಕಿಳಿಯುವವರು ಮೊದಲ ಸಾಲಿಗೆ ಮುನ್ನ ಸ್ವಲ್ಪ ನಡೆದಾಡುವುದು ಹಿತ. ಆದರೆ ಕಾಲು ಸೋಲುತ್ತಿದ್ದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವೋ ಅಕಾರಣವಾದ ಕೃಶತೆಯೋ ಜೊತೆಗಿದ್ದರೆ, ಬಿದ್ದ ಪೆಟ್ಟಿನಿಂದ ನೋವೆದ್ದಿದ್ದರೆ, ವ್ಯಾಯಾಮದ ಮಾತು ಬಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯೊಂದರಲ್ಲಿ ನಾನು ಕಂಡ ಹಿರಿಯ ನೇಕಾರರೊಬ್ಬರು, ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆಯ ಮೇಲೆ ಬಾಗಿ ಲಾಳಿಯಾಡಿಸುತ್ತಿದ್ದರು. ಕಂಡಿಕೆಯ ನೂಲು ತೀರಿದಾಗ, ಪಕ್ಕದಲ್ಲಿಯೇ ಕೈಗೆಟಕುವಂತೆ ಇನ್ನೊಂದನ್ನು ಇಟ್ಟುಕೊಳ್ಳಬಹುದಾಗಿದ್ದರೂ, ಅವರು ಬುಟ್ಟಿಯನ್ನು ಎದುರುಗೋಡೆಯ ಗೂಡಿನಲ್ಲಿ ಇರಿಸಿದ್ದರು. ಏಕೆಂದು ಕೇಳಿದೆ. ಗುಂಡಿಯ ಅಂಚಿಗೆ ಕೈಯೂರಿ ಮೇಲೆದ್ದು, ಸೊಂಟಕ್ಕೆ ಕೈಕೊಟ್ಟು ಒಮ್ಮೆ ಹಿಂದಕ್ಕೆ ಬಾಗಿ, ಗೂಡಿನವರೆಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು.