ಬೀದರದ ನಾಲ್ಕು ಲವಣಗಳು: ಅವುಗಳ ಹೆಸರು ಮತ್ತು ಸೂತ್ರ

ಬಿದರಿಯ ಕರಿಯ ಪಾತ್ರೆಗಳನ್ನೂ ಅವುಗಳ ಮೇಲಣ ಬೆಳ್ಳಿಯ ಬಳ್ಳಿಗಳನ್ನೂ ಕುರಿತು ಕಲಾಭಿಜ್ಞರು ಬಹಳವಾಗಿ ಬರೆದಿರುವರು. ಆ ಕಪ್ಪನ್ನು ಹುಟ್ಟಿಸುವ ಲವಣಗಳ ಹೆಸರುಗಳು ಮಾತ್ರ ಭಾಷಾವಿಚಾರಕರ ಗಮನಕ್ಕೆ ಅಷ್ಟಾಗಿ ಬಂದಂತೆ ತೋರುವುದಿಲ್ಲ. ೧೯ನೆಯ ಶತಮಾನದ ಆದಿಯಲ್ಲಿ, ಬೆಂಗಳೂರಿನ ಲಾಲ್‌ಬಾಗಿನೊಡನೆ ಸಂಬಂಧವಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನನು ಬೀದರದ ಈ ಕೆಲಸವನ್ನು ವಿವರಿಸಿದನು. ಅವನ ಲೆಕ್ಕದಂತೆ ತಾಮ್ರ ೧೬, ಸೀಸ ೪, ತವರ ೨ ಪಾಲುಗಳನ್ನು ಕರಗಿಸಿ, ಆ ಮಿಶ್ರಣದ ೩ ಪಾಲಿಗೆ ೧೬ ಪಾಲು ಸತುವನ್ನು ಕೂಡಿಸುತ್ತಿದ್ದರು. ಈಗಿನ ಕುಶಲಿಗಳು ಸತುವಿಗೆ ಸ್ವಲ್ಪ ತಾಮ್ರವನ್ನು ಮಾತ್ರ ಸೇರಿಸುವರು. ಆ ಕಾಲದ ವಿವರಣೆಗಳಲ್ಲಿ ಕಪ್ಪು ಬರಿಸುವುದಕ್ಕೆ ಹೇಳಿರುವ ದ್ರವ್ಯಗಳು ನಾಲ್ಕು: ನವಸಾಗರ, ಪೆಟ್ಲುಪ್ಪು, ಅಡಿಗೆಯ ಉಪ್ಪು, ಮೈಲುತುತ್ತ. ಅಯಾನುಗಳಿಂದಾದ ಸಂಯುಕ್ತಗಳಿಗೆ ಹೆಸರಿಡುವ ಕ್ರಮವನ್ನು ತಿಳಿಸಲು ಇವಕ್ಕಿಂತ ಒಳ್ಳೆಯ ಉದಾಹರಣೆಗಳು ಬೇಕಾಗಿಲ್ಲ. ಕನ್ನಡದ ಶಾಸ್ತ್ರಪರಿಭಾಷೆ ನಡೆದು ಬಂದ ದಾರಿಗೂ ಇವೇ ಸಾಕ್ಷಿಗಳಾಗಿವೆ.

ನಾಲ್ಕು ಹೆಸರುಗಳೂ ನಾಲ್ಕು ಬಗೆಯವು. ಮೈಲುತುತ್ತವು ಬಣ್ಣದಿಂದ ಬಂದುದು. ಸಂಸ್ಕೃತದ ಮಯೂರತುತ್ಥ, ಶಿಖಿಗ್ರೀವ ಎಂಬ ಹೆಸರುಗಳು ನವಿಲಿನ ಕೊರಳನ್ನೇ ತೋರಿಸುತ್ತವೆ. ಪೆಟ್ಲುಪ್ಪು ಬಳಕೆಯಿಂದ ಬಂದುದು: ಮದ್ದಿನಲ್ಲಿ ಸಿಡಿಯುವ ಉಪ್ಪು. ಇದಕ್ಕೆ ಬೀದರದ ಪೇಟೆಯಲ್ಲಿ ಸೋರಾ ಎಂಬ ಪಾರಸಿ ಮೂಲದ ಮಾತೂ ಉಂಟು. ಈ ಉಪ್ಪಿನ ಮಹಿಮೆಯನ್ನು ಬೀದರದ ಕೋಟೆ ೧೬೫೭ರಲ್ಲಿ ಚೆನ್ನಾಗಿ ಅರಿಯಿತು. ಔರಂಗಜೇಬನ ಮುತ್ತಿಗೆಯ ಕಾಲದಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದಿಗೆ ಕಿಡಿ ತಾಗಿ, ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನು ಸುಟ್ಟ ಗಾಯಗಳಿಂದ ಮಡಿದನು. ಅಡಿಗೆಯ ಉಪ್ಪಿಗೆ ವಿಶೇಷಣವೇ ಬೇಕಿಲ್ಲ. ಆದರೆ ವೈದ್ಯಗ್ರಂಥಗಳು ಅದನ್ನೇ ಹುಟ್ಟಿದ ಸ್ಥಳವನ್ನು ನೋಡಿ ಸೈಂಧವವೆಂದೂ ಸಾಮುದ್ರವೆಂದೂ ಬೇರ್ಪಡಿಸಿವೆ.

ನವಸಾಗರದ ಕತೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಒಂಬತ್ತು ಸಾಗರಗಳಿಗೂ ಈ ಲವಣಕ್ಕೂ ಯಾವ ಸಂಬಂಧವೂ ಇಲ್ಲ. ಪಾರಸಿಯ ನೌಶಾದರ್, ಸಂಸ್ಕೃತದ ನವಸಾರ ಎಂಬ ಶಬ್ದಗಳ ಬಳಗಕ್ಕೆ ಸೇರಿದ ಈ ಹೆಸರು, ಕಿವಿಗೆ ಬಿದ್ದ ಧ್ವನಿಗೆ ತಿಳಿದ ಅರ್ಥವನ್ನು ಹೊಂದಿಸಿಕೊಂಡ ರೂಪವೆಂದು ತಿಳಿಯತಕ್ಕದ್ದು. ರಸರತ್ನಸಮುಚ್ಚಯವು ಇದನ್ನು ಇಟ್ಟಿಗೆ ಸುಡುವಲ್ಲಿ ಹುಟ್ಟುವ ಹಗುರವಾದ ಬಿಳಿಯ ಲವಣವೆಂದು ವರ್ಣಿಸುತ್ತದೆ. ಪಾಶ್ಚಾತ್ಯರ ಹೆಸರೂ ಇದಕ್ಕಿಂತ ಮೇಲಲ್ಲ: ಲಿಬಿಯದ ಮರುಭೂಮಿಯಲ್ಲಿದ್ದ ಅಮುನ್ ದೇವರ ಗುಡಿಯ ಹತ್ತಿರದ ಉಪ್ಪಿಗೆ ಅಲ್ಲಿಂದ ಬಂದ ಹೆಸರು, ಕಾಲಕ್ರಮದಲ್ಲಿ ಬೇರೊಂದು ಲವಣಕ್ಕೆ ಅಂಟಿಕೊಂಡಿತು, ಆ ಲವಣದಿಂದ ಹೊರಟ ವಾಯುವಿಗೆ ಅಮೋನಿಯಾ ಎಂಬ ಹೆಸರಾಯಿತು. ಹೀಗೆ ಈಜಿಪ್ಟಿನ ದೇವರೊಬ್ಬನು ಇಂದಿಗೂ ಬೀದರದ ಕುಲುಮೆಯಲ್ಲಿ ನೆಲಸಿದ್ದಾನೆ.

ಇಂತಹ ಹೆಸರುಗಳಿಂದ ವಸ್ತುವನ್ನು ಗುರುತಿಸಬಹುದು. ಅದರೊಳಗೆ ಏನಿದೆಯೆಂದು ತಿಳಿಯಲಾಗದು. ೧೭೮೭ರಲ್ಲಿ ಪ್ಯಾರಿಸಿನಲ್ಲಿ ಗೀತೋಂ ದ ಮೋರ್ವೊ, ಲವಾಸಿಯೆ, ಬೆರ್ತೊಲೆ, ಫೂರ್ಕ್ರವಾ ಎಂಬ ನಾಲ್ವರು ಹೆಸರೇ ಘಟಕಗಳನ್ನು ಹೇಳುವಂತೆ ಪರಿಭಾಷೆಯನ್ನು ಕಟ್ಟಿದರು. ಈಗಿನ ಕ್ರಮದಂತೆ ಧನ ವಿದ್ಯುದಂಶವುಳ್ಳ ಭಾಗ ಮೊದಲು, ಋಣ ವಿದ್ಯುದಂಶವುಳ್ಳ ಭಾಗ ಆಮೇಲೆ. ನಮ್ಮ ನಾಲ್ಕು ಲವಣಗಳು ಕ್ರಮವಾಗಿ ಅಮೋನಿಯಂ ಕ್ಲೋರೈಡ್, ಪೊಟ್ಯಾಸಿಯಂ ನೈಟ್ರೇಟ್, ಸೋಡಿಯಂ ಕ್ಲೋರೈಡ್, ತಾಮ್ರದ ಸಲ್ಫೇಟ್. ಸೂತ್ರ ಬರೆಯುವಾಗ ಧನವೂ ಋಣವೂ ಸಮವಾಗಿ ಕಳೆದು ಶೂನ್ಯವಾಗಬೇಕು. ಅಮೋನಿಯಮ್ಮಿಗೆ ಧನ ಒಂದು, ಕ್ಲೋರೈಡಿಗೆ ಋಣ ಒಂದು. ಆದುದರಿಂದ ಎನ್ ಎಚ್ ನಾಲ್ಕು, ಸಿ ಎಲ್. ತಾಮ್ರಕ್ಕೆ ಎರಡು, ಸಲ್ಫೇಟಿಗೆ ಎರಡು, ಒಂದಕ್ಕೊಂದು ಸರಿಹೋಗುತ್ತವೆ. ತಾಮ್ರವು ನೈಟ್ರೇಟಿನೊಡನೆ ಕೂಡಿದರೆ ಮಾತ್ರ ನೈಟ್ರೇಟುಗಳೆರಡು ಬೇಕು. ಆಗ ಆ ಗುಂಪನ್ನು ಆವರಣದೊಳಗಿಟ್ಟು ಹೊರಗೆ ಎರಡೆಂದು ಬರೆಯುವರು. ತಾಮ್ರವು ಕೆಲವೆಡೆ ಒಂದು, ಕೆಲವೆಡೆ ಎರಡು ವಿದ್ಯುದಂಶಗಳಿಂದ ಕೂಡುವುದರಿಂದ, ಅದರ ಹೆಸರಿನ ಮುಂದೆ ರೋಮನ್ ಅಂಕೆಯನ್ನು ಹಾಕುವ ಪದ್ಧತಿಯನ್ನು ಆಲ್‌ಫ್ರೆಡ್ ಸ್ಟಾಕನು ೧೯೧೯ರಲ್ಲಿ ಸೂಚಿಸಿದನು. ವಿದ್ಯುದಂಶವನ್ನು ಹೊತ್ತ ಈ ಕಣಕ್ಕೆ ಅಯಾನು ಎಂಬ ಹೆಸರನ್ನು ಫ್ಯಾರಡೆ ೧೮೩೪ರಲ್ಲಿ ಬಳಕೆಗೆ ತಂದನು. ‘ಹೋಗುವುದು’ ಎಂಬರ್ಥದ ಆ ಗ್ರೀಕ್ ಶಬ್ದವೂ ನಮ್ಮ ಉತ್ತರಾಯಣದ ‘ಅಯನ’ವೂ ಒಂದೇ ಮೂಲಧಾತುವಿನ ಸಂತಾನಗಳೆಂಬುದು ಶಬ್ದಶಾಸ್ತ್ರಜ್ಞರಿಗೆ ಪ್ರಿಯವಾದ ಸಂಗತಿ.

ಸೂತ್ರದ ಅಕ್ಷರಗಳು ಇಂಗ್ಲಿಷಿನವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. ೧೮೧೩-೧೪ರಲ್ಲಿ ಅವನ್ನು ಗೊತ್ತುಮಾಡಿದ ಬರ್ಜೇಲಿಯಸನು ಸ್ವೀಡನ್ನಿನವನು. ಅಕ್ಷರಗಳನ್ನು ಅವನು ಲ್ಯಾಟಿನಿನಿಂದ ಆರಿಸಿದನು. ಸೋಡಿಯಮ್ಮಿಗೆ ನೇಟ್ರಿಯಮ್ಮಿನಿಂದ ಎನ್ ಎ, ಪೊಟ್ಯಾಸಿಯಮ್ಮಿಗೆ ಕೇಲಿಯಮ್ಮಿನಿಂದ ಕೆ, ತಾಮ್ರಕ್ಕೆ ಕ್ಯೂಪ್ರಮ್ಮಿನಿಂದ ಸಿ ಯು. ಲಂಡನ್ನಿನ ಹುಡುಗನಿಗೂ ಔರಾದದ ಹುಡುಗನಿಗೂ ಇವು ಸಮಾನವಾಗಿ ಪರಕೀಯ. ಆದುದರಿಂದ ಸೂತ್ರವನ್ನು ಯಾವ ಭಾಷೆಗೂ ಸೇರದ ಲಿಪಿಯೆಂದು ಬಿಟ್ಟುಕೊಟ್ಟರೆ ಕನ್ನಡಕ್ಕೆ ನಷ್ಟವಿಲ್ಲ, ವಿವಾದವಿರುವುದು ಹೆಸರಿನಲ್ಲಿ.

ಈ ವಿವಾದವು ಬೀದರದ ಸೀಮೆಯಲ್ಲಿ ಪಡೆದ ರೂಪ ಮೈಸೂರಿನದರಂತಲ್ಲ. ಬೀದರ, ಭಾಲ್ಕಿ, ಔರಾದಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಅಲ್ಲಿ ೧೯೧೭ರಲ್ಲಿ ಭಾಷಾಂತರ ಶಾಖೆಯೂ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಗಿ, ಶಾಸ್ತ್ರಗಳೆಲ್ಲವೂ ಉರ್ದುವಿನಲ್ಲಿ ಬೋಧಿಸಲ್ಪಟ್ಟವು. ದೇಶಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಕಲಿಸಿದ ಆ ಸಾಹಸವನ್ನು ಮೆಚ್ಚದಿರುವುದು ಅನ್ಯಾಯ. ಪರಿಭಾಷೆಯನ್ನು ಅರಬ್ಬಿಯಿಂದಲೇ ತರಬೇಕೆಂಬ ಪಕ್ಷಕ್ಕೆ ಎದುರಾಗಿ, ಉರ್ದುವಿನ ಸ್ವಂತ ಸಮಾಸಪ್ರತ್ಯಯಗಳಿಂದಲೂ ಶಬ್ದಗಳನ್ನು ಕಟ್ಟಬಹುದೆಂದು ವಹೀದುದ್ದೀನ್ ಸಲೀಮರು ೧೯೨೧ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಮೈಸೂರಿನ ವಿದ್ಯಾರ್ಥಿಯ ‘ಆಮ್ಲ’ ಬೀದರದ ವಿದ್ಯಾರ್ಥಿಗೆ ‘ತುರ್ಶಾ’ ಆಯಿತು. ಎರಡರ ಅರ್ಥವೂ ಹುಳಿಯೇ. ಆದರೆ ರೋಮನ್ ಸೂತ್ರವನ್ನು ಉರ್ದು ವಾಕ್ಯದೊಳಗಿಟ್ಟರೆ ವಾಕ್ಯ ಬಲದಿಂದ ಎಡಕ್ಕೂ ಸೂತ್ರ ಎಡದಿಂದ ಬಲಕ್ಕೂ ಓಡುತ್ತದೆ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಭಾಲ್ಕಿಯ ಹುಡುಗನಿಗೆ ಇದು ಮೂರನೆಯ ಭಾಷೆಯ ಮೇಲೆ ನಾಲ್ಕನೆಯ ಲಿಪಿಯ ಹೊರೆ. ಆ ದಿನಗಳಲ್ಲಿ ಔರಾದ ಸೀಮೆಯ ಕಮಲನಗರದಲ್ಲಿಯೂ ಭಾಲ್ಕಿಯಲ್ಲಿಯೂ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂದು ಜನ ಇಂದಿಗೂ ಹೇಳುವರು. ಅಕ್ಷರವೇ ಅಷ್ಟು ಕಷ್ಟದಿಂದ ದೊರೆಯುತ್ತಿದ್ದ ನಾಡಿನಲ್ಲಿ ರಸಾಯನದ ಕನ್ನಡ ಹೆಸರುಗಳನ್ನು ಕೇಳುವವರಾರು?

ಆ ಹೆಸರುಗಳು ಬೆಳೆದುದು ಬೆಂಗಳೂರಿನಲ್ಲಿ. ೧೯೧೮ರಲ್ಲಿಯೇ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ‘ವಿಜ್ಞಾನ’ ಪತ್ರಿಕೆಯನ್ನು ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಹೊರಡಿಸಿದರು. ಜಲಜನಕ, ಆಮ್ಲಜನಕ, ಸಾರಜನಕಗಳು ಕನ್ನಡಿಗರ ನಾಲಗೆಯಲ್ಲಿ ನಿಂತವು. ಇಲ್ಲಿ ಅರ್ಥಾನುವಾದದ ಅಪಾಯವೊಂದನ್ನು ಗಮನಿಸಬೇಕು. ಎಲ್ಲ ಆಮ್ಲಗಳಲ್ಲಿಯೂ ಒಂದೇ ಮೂಲವಸ್ತು ಇರುವುದೆಂದು ನಂಬಿ ಲವಾಸಿಯೆ ಅದಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂದು ಹೆಸರಿಟ್ಟನು. ೧೮೧೦ರಲ್ಲಿ ಡೇವಿಯು ಉಪ್ಪಿನಿಂದ ಬರುವ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದೂ, ಅದು ಜಲಜನಕ ಮತ್ತು ಕ್ಲೋರೀನುಗಳ ಸಂಯೋಗವೆಂದೂ ತೋರಿಸಿದನು. ನವಸಾಗರವು ಆ ಆಮ್ಲದ ಲವಣವೇ. ಗ್ರೀಕ್ ಬಾರದವನಿಗೆ ಆಕ್ಸಿಜನ್ ಎಂಬುದು ಬರಿಯ ಗುರುತು, ಅದರ ತಪ್ಪು ಮುಚ್ಚಿಹೋಗಿದೆ. ಕನ್ನಡಿಗನಿಗೆ ಆಮ್ಲಜನಕವು ಒಂದು ಪ್ರತಿಜ್ಞೆ, ಅದರ ತಪ್ಪು ಬಾಯಿ ತೆರೆದೊಡನೆ ಕೇಳಿಸುತ್ತದೆ. ಜರ್ಮನರೂ ಹೀಗೆಯೇ ಅನುವಾದಿಸಿ ಇದೇ ತಪ್ಪನ್ನು ಇಂದಿಗೂ ಹೊತ್ತಿರುವರೆಂಬುದೊಂದೇ ಸಮಾಧಾನ. ಮೂಲವಸ್ತುವಿನ ಹೆಸರಿನಲ್ಲಿ ಈ ಭಾರವನ್ನು ಹೇಗೋ ತಾಳಬಹುದು. ಸಂಯುಕ್ತದ ಹೆಸರು ಘಟಕಗಳನ್ನು ಸತ್ಯವಾಗಿ ಹೇಳಬೇಕಾದ್ದರಿಂದ ಅಲ್ಲಿ ಅದನ್ನು ತಾಳಲಾಗದು.

೧೯೪೦ರ ದಶಕದಲ್ಲಿ ಡಾ. ರಘುವೀರರು ಪರಿಭಾಷೆಯೆಲ್ಲವನ್ನೂ ಸಂಸ್ಕೃತದಿಂದ ಕಟ್ಟಲು ಹೊರಟರು; ೧೯೬೧ರಲ್ಲಿ ಏರ್ಪಟ್ಟ ಕೇಂದ್ರ ಸರ್ಕಾರದ ಪರಿಭಾಷಾ ಆಯೋಗವು ಮೂಲವಸ್ತು, ಸಂಯುಕ್ತಗಳ ಅಂತರರಾಷ್ಟ್ರೀಯ ನಾಮಗಳನ್ನೂ ಸಂಕೇತಗಳನ್ನೂ ಹಾಗೆಯೇ ಉಳಿಸಿಕೊಳ್ಳಬೇಕೆಂದಿತು. ಕನ್ನಡ ಪಠ್ಯಗಳು ಎರಡನೆಯ ದಾರಿಯನ್ನು ಹಿಡಿದಿವೆ. ೧೯೫೬ರ ನವೆಂಬರ್ ೧ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಅಲ್ಲಿಯ ಕನ್ನಡ ಶಾಲೆಗಳಿಗೂ ಅವೇ ಹೆಸರುಗಳು ಬಂದವು. ಇದು ಒಳ್ಳೆಯದೇ, ಆದರೆ ನವಸಾಗರ, ಮೈಲುತುತ್ತ, ಪೆಟ್ಲುಪ್ಪುಗಳು ಪಾಠದ ಅಂಚಿನಿಂದಲೂ ಜಾರಿಹೋಗಿರುವುದು ಒಳ್ಳೆಯದಲ್ಲ. ಕುಶಲಿಯು ಉಜ್ಜಿದ ಪಾತ್ರೆಗೆ ಮೈಲುತುತ್ತದ ನೀರನ್ನು ಸವರುವನು. ಮೈ ಕಪ್ಪಾಗಿ, ಅದರ ಮೇಲೆ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ. ಸತುವು ಸಲ್ಫೇಟನ್ನು ತಾನು ಹಿಡಿದು ತಾಮ್ರವನ್ನು ಹೊರದೂಡುವ ಈ ಕ್ರಿಯೆಯನ್ನು ಪುಸ್ತಕವು ಸಮೀಕರಣದಲ್ಲಿ ಬರೆಯುತ್ತದೆ. ಒಂದೇ ಊರಿನಲ್ಲಿದ್ದೂ ಹುಡುಗನಿಗೆ ಇವೆರಡೂ ಒಂದೇ ಎಂದು ಗೊತ್ತಾಗದಿದ್ದರೆ, ಹೆಸರಿನ ಸೇತುವೆ ಮುರಿದಿದೆಯೆಂದೇ ಅರ್ಥ.

ಕೊನೆಯ ಕಪ್ಪು ಇದಲ್ಲ. ಬೆಳ್ಳಿಯನ್ನು ಕೂರಿಸಿ ನಯಮಾಡಿದ ಬಳಿಕ, ಪಾತ್ರೆಯನ್ನು ಬಿಸಿಮಾಡಿ, ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಬಳಿಯುವರು. ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ತಾಮ್ರದ ಪಾಲಿಲ್ಲದ ಬರಿಯ ಸತುವಿಗೆ ಈ ಕಪ್ಪು ಹಿಡಿಯುವುದಿಲ್ಲ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆಯೆಂದು ಹೇಳುವರು. ಅದಕ್ಕೆ ಸೂತ್ರವಿಲ್ಲ, ಏಕೆಂದರೆ ಅದು ಒಂದು ಸಂಯುಕ್ತವಲ್ಲ, ಹಲವು ವಸ್ತುಗಳ ಬೆರಕೆ. ಯಾವ ಮಣ್ಣು ಸರಿಯೆಂಬುದನ್ನು ಕುಶಲಿಯು ಚಿಟಿಕೆಯಷ್ಟನ್ನು ನಾಲಗೆಯ ಮೇಲಿಟ್ಟು ನಿರ್ಣಯಿಸುವನು.